ದೊಡ್ಡಮ್ಮ, ಯಾವ ಹೆಸರು ಹಾಕಲಿ?

ಕೇಳುಗರಿಗೆ ನಮಸ್ಕಾರ.

ನನ್ನ ತಂಗಿಯ ಮಗಳು ಶಿಕಾಗೋದಲ್ಲಿ ಎಂ.ಎಸ್. ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿ, "ದೊಡ್ಡಮ್ಮ, ರೆಸ್ಯೂಮ್‌ನಲ್ಲಿ ನನ್ನ ಹೆಸರು ಪೂರ್ತಿ ಹಾಕಲಾ, ಟೀನಾ ಅಂತ ಹಾಕಲಾ?" ಅಂದಳು. ಐದಕ್ಷರದ ಹೆಸರು ಅವಳದು. ನಮ್ಮಮ್ಮನ ಹೆಸರು. ನಾನೂ ಅದೇ ಊರಲ್ಲಿ ಹದಿನೆಂಟು ವರ್ಷ ಕಚೇರಿ ಕೆಲಸ ಮಾಡಿ ಬಂದವಳು, ಅದಕ್ಕೇ ನನ್ನನ್ನು ಕೇಳಿದ್ದು. 'ಪೂರ್ತಿ ಹಾಕು' ಅಂತ ತಟ್ಟನೆ ಬಾಯಿಗೆ ಬಂತು. ಆದರೆ ಹೇಳಲಿಲ್ಲ.

ಯಾಕೆ ಗೊತ್ತಾ? 2004ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಮಾಡಿದವರು ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಂಡ್ ಮತ್ತು ತಮಿಳುನಾಡಿನಲ್ಲಿ ಹುಟ್ಟಿದ ಸೆಂಧಿಲ್ ಮುಲ್ಲೈನಾಥನ್. ಶಿಕಾಗೋ, ಬಾಸ್ಟನ್ ಪತ್ರಿಕೆಗಳಲ್ಲಿ ಬಂದ ಕೆಲಸದ ಜಾಹೀರಾತುಗಳಿಗೆ ಇವರು ಸುಮಾರು 5,000 ಕಲ್ಪಿತ ಅರ್ಜಿ ಕಳಿಸಿದರು. ಓದು, ಅನುಭವ ಎಲ್ಲ ಒಂದೇ ತೂಕದ್ದು. ಬೇರೆಯಾಗಿದ್ದು ಹೆಸರು ಮಾತ್ರ. ಕೆಲವಕ್ಕೆ ಎಮಿಲಿ, ಗ್ರೆಗ್ ಎಂಬ ಬಿಳಿಯರ ಹೆಸರು. ಕೆಲವಕ್ಕೆ ಲಕೀಶಾ, ಜಮಾಲ್ ಎಂಬ ಕಪ್ಪು ಅಮೆರಿಕನ್ನರ ಹೆಸರು. ಎಮಿಲಿಯಂಥ ಹೆಸರಿಗೆ ಸುಮಾರು ಹತ್ತು ಅರ್ಜಿಗೆ ಒಂದು ಕರೆ ಬಂತು. ಲಕೀಶಾನಂಥ ಹೆಸರಿಗೆ ಹದಿನೈದಕ್ಕೆ ಒಂದು. 'ನಾವು ಎಲ್ಲರಿಗೂ ಸಮಾನ ಅವಕಾಶ ಕೊಡುತ್ತೇವೆ' ಅಂತ ಅಚ್ಚು ಹಾಕಿಸಿದ್ದ ಕಂಪನಿಗಳೂ ಅಷ್ಟೇ ತಾರತಮ್ಯ ಮಾಡಿದ್ದವು!

2016ರ ಇನ್ನೊಂದು ಅಧ್ಯಯನ ಏಷ್ಯಾ ಮೂಲದವರನ್ನೂ ನೋಡಿತು. ಅವರ ಮೂಲದ ಗುರುತು ಮರೆಮಾಡಿದ ಅರ್ಜಿಗೆ ನೂರಕ್ಕೆ 21 ಕರೆ. ಇದ್ದಂತೆ ಕಳಿಸಿದ್ದಕ್ಕೆ ಹನ್ನೊಂದೂವರೆ.

ಅಂದರೆ ಟೀನಾ ಆದರೆ ಲಾಭ ಇದೆ. ಅದನ್ನು ಮುಚ್ಚಿಟ್ಟು ಹೆಮ್ಮೆಯ ಮಾತಾಡುವುದು ನನಗೆ ಸುಲಭ. ಅಲ್ಲಿ ಬಾಡಿಗೆ ಕಟ್ಟುವವಳು ಅವಳು, ಅಲ್ವಾ? ಆದರೂ ಒಂದು ಸಿಟ್ಟು ನನಗೆ ಹೋಗಿಲ್ಲ. ಬಿಳಿಯರಲ್ಲದವರಿಗೆ ಅಲ್ಲಿ ಸಿಗುವ ಬುದ್ಧಿಮಾತೆಲ್ಲ ಹೀಗೇ. ಹೆಸರು ಚಿಕ್ಕದು ಮಾಡು, ಉಚ್ಚಾರ ತಿದ್ದು, ಗುಂಗುರು ಕೂದಲು ನೇರ ಮಾಡು. ತಕ್ಕಡಿ ಓರೆಯಿದ್ದರೆ ಅದರಲ್ಲಿ ಕೂತವರೇ ದಪ್ಪ ಆಗಬೇಕಂತೆ.

ಹಾಗಾಗಿ ಹೆಸರಿನ ಮಾತು ಅಲ್ಲಿಗೇ ಬಿಟ್ಟು ಸಂಬಳದ ಮಾತು ಎತ್ತಿದೆ. ಗಂಡಸಿನ ಸಂಬಳ, ಹೆಂಗಸಿನ ವಯಸ್ಸು ಕೇಳಬಾರದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಆ ಸಂಕೋಚಕ್ಕೆ ನಾನು ದಂಡ ಕಟ್ಟಿದ್ದೇನೆ. ನನ್ನ ಮೊದಲ ಕಚೇರಿಯಲ್ಲಿ 'ಹಿಂದೆ ಎಷ್ಟು ಸಂಬಳ ಇತ್ತು?' ಅಂದರು. ನಿಜ ಹೇಳಿದೆ. ಅದರ ಮೇಲೆ ಚೂರು ಸೇರಿಸಿ ಕೊಟ್ಟರು. ಮೂರು ವರ್ಷದ ಮೇಲೆ, ನಾನೇ ಕೆಲಸ ಕಲಿಸಿದ ಹುಡುಗನಿಗೆ ನನಗಿಂತ ಜಾಸ್ತಿ ಅಂತ ಗೊತ್ತಾಯಿತು. ಊಟದ ಹೊತ್ತಲ್ಲಿ ಅವನೇ ಬಾಯ್ತಪ್ಪಿ ಹೇಳಿದ್ದು. ಅವತ್ತು ಮೊಸರನ್ನ ಗಂಟಲಲ್ಲಿ ಇಳಿಯಲಿಲ್ಲ.

ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಈಗ ಹಳೇ ಸಂಬಳ ಕೇಳುವಂತಿಲ್ಲ. 2019ರಲ್ಲೇ ನಿಷೇಧ ಬಂತು. 2025ರ ಜನವರಿಯಿಂದ, 15 ಜನಕ್ಕಿಂತ ಕಡಿಮೆಯಿಲ್ಲದ ಕಂಪನಿಗಳು ಸಂಬಳ ಎಷ್ಟರಿಂದ ಎಷ್ಟು ಅಂತ ಜಾಹೀರಾತಿನಲ್ಲೇ ಹೇಳಬೇಕು. ಸಹೋದ್ಯೋಗಿಗಳ ಜೊತೆ ಸಂಬಳದ ಮಾತಾಡುವ ಹಕ್ಕು ಖಾಸಗಿ ಕಂಪನಿಗಳ ಬಹುಪಾಲು ನೌಕರರಿಗೆ 1935ರ ಕಾರ್ಮಿಕ ಕಾಯ್ದೆಯಿಂದಲೇ ಇದೆ. ಇದು ನನಗೆ ಆಗ ಗೊತ್ತಿರಲಿಲ್ಲ ನೋಡಿ.

ಇನ್ನೊಂದು ಮಾತು ಹೇಳಿದೆ. ಒಂದು ನೋಟ್‌ಬುಕ್ ಇಡು. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಅಲ್ಲ, ಮನೆಯಲ್ಲಿ. ಯಾವ ದಿನ, ಯಾರು ಏನಂದರು, ಪಕ್ಕದಲ್ಲಿ ಯಾರಿದ್ದರು, ಬರೆದಿಡು. ಯಾಕಂದರೆ ಉದ್ಯೋಗದ ತಾರತಮ್ಯದ ಬಗ್ಗೆ ಅಲ್ಲಿನ ಕೇಂದ್ರ ಆಯೋಗಕ್ಕೆ ದೂರು ಕೊಡಲು 180 ದಿನ ಮಾತ್ರ. ಇಲಿನಾಯ್‌ನಂಥ ರಾಜ್ಯಗಳಲ್ಲಿ 300. "ವೀಸಾದಲ್ಲಿ ಇರುವವರು ದೂರು ಕೊಡೋದಾ?" ಅಂದಳು. ಭಯ ಸುಮ್ನೆ ಅಲ್ಲ. ಎಚ್-1ಬಿ ವೀಸಾದವರ ಕೆಲಸ ಹೋದರೆ ಇನ್ನೊಂದು ಹುಡುಕಲು ಹೆಚ್ಚೆಂದರೆ 60 ದಿನ. ಆದರೆ ಉದ್ಯೋಗದ ತಾರತಮ್ಯ ತಡೆಯುವ ಕಾನೂನು ಪೌರತ್ವ ನೋಡುವುದಿಲ್ಲ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಂಡರೆ ಅದೇ ಬೇರೆ ತಪ್ಪು.

ಈ ಕಾನೂನು ಪುಕ್ಕಟೆ ಬಂದದ್ದಲ್ಲ. ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯ ಒಂದು ವಿದ್ಯುತ್ ಸ್ಥಾವರದಲ್ಲಿ ಕಪ್ಪು ನೌಕರರಿಗೆ ಕಸ ಗುಡಿಸುವ, ಮೂಟೆ ಹೊರುವ ವಿಭಾಗವೊಂದೇ ಗತಿಯಾಗಿತ್ತು. ಅಲ್ಲಿನ ಅತಿ ಹೆಚ್ಚು ಸಂಬಳ, ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕೂ ಸಾಟಿಯಲ್ಲ. ಈ ಕಾನೂನು, ಅಂದರೆ ನಾಗರಿಕ ಹಕ್ಕು ಕಾಯ್ದೆಯ ಉದ್ಯೋಗದ ಭಾಗ, ಜಾರಿಗೆ ಬಂದದ್ದು 1965ರ ಜುಲೈ 2ಕ್ಕೆ. ಸರಿಯಾಗಿ ಅದೇ ದಿನ ಕಂಪನಿ, ಒಳ್ಳೆ ವಿಭಾಗಕ್ಕೆ ಸೇರಲು ಪರೀಕ್ಷೆ ಪಾಸಾಗಬೇಕು ಅಂತ ನಿಯಮ ತಂದಿತು! ವಿಲ್ಲಿ ಗ್ರಿಗ್ಸ್ ಮತ್ತು ಜೊತೆಗಾರರು ಕೋರ್ಟಿಗೆ ಹೋದರು. ಕೆಲಸಕ್ಕೆ ಸಂಬಂಧವಿಲ್ಲದ ಪರೀಕ್ಷೆ ಇಟ್ಟು ಜನರನ್ನು ಹೊರಗಿಡುವಂತಿಲ್ಲ ಅಂತ 1971ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರು ಹಾಕಿದ ಚಪ್ಪರದ ಕೆಳಗೆ ಇವತ್ತು ನಮ್ಮ ಹುಡುಗಿಯೂ ನಿಂತಿದ್ದಾಳೆ.

ಅದೇ ಚಪ್ಪರದ ಕೆಳಗೆ ನಿಂತು ನಮ್ಮವರು 'ನೀವು ಯಾವ ಕಡೆಯವರು?' ಅಂತ ಜಾತಿ ಕೆದಕುವುದನ್ನೂ ನಾನು ಕಂಡಿದ್ದೇನೆ. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನೂ ನಿಷೇಧಿಸಬೇಕಾಗಿ ಬಂತು.

ಹೆಸರಿನ ವಿಷಯಕ್ಕೆ ಅವಳೇ ದಾರಿ ಹುಡುಕಿಕೊಂಡಳು. ಪೂರ್ತಿ ಹೆಸರು ಹಾಕಿ, ಕೆಳಗೆ ಸಣ್ಣದಾಗಿ ಅದನ್ನು ಹೇಗೆ ಬಿಡಿಸಿ ಹೇಳಬೇಕು ಅಂತ ಬರೆದಳು. ನಿನ್ನೆ ಒಂದು ಕರೆ ಬಂತಂತೆ. ಆ ಕಡೆಯವರು ನಮ್ಮಮ್ಮನ ಹೆಸರನ್ನು ಮೂರು ಸಲ ತಡವರಿಸಿ, ನಾಲ್ಕನೇ ಸಲ ಸರಿಯಾಗಿ ಹೇಳಿದರಂತೆ. ಕೆಲಸ ಆಗುತ್ತೋ ಇಲ್ಲವೋ, ಸೋಮವಾರ ಗೊತ್ತಾಗಬೇಕು.

ನಮಸ್ಕಾರ.