ಮನೆ ಲೆಕ್ಕಕ್ಕಿಂತ ಮೊದಲು ಮಳೆ ಲೆಕ್ಕ

ನಮಸ್ಕಾರ. 2018ರ ಆಗಸ್ಟ್ ಕೊಡಗಿನವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ಮಡಿಕೇರಿಯಲ್ಲಿ ಎರಡಂತಸ್ತಿನ ಮನೆಯೊಂದು ಬರೆ (ಗುಡ್ಡದ ಕಡಿದಾದ ಇಳಿಜಾರು) ಸಮೇತ ಜಾರಿ ಹೋದ ವಿಡಿಯೋವನ್ನು ದೇಶವೆಲ್ಲ ನೋಡಿತು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ, ಎಲ್ಲ ಕಡೆ ಗುಡ್ಡ ಕುಸಿಯಿತು. ಮರುವರ್ಷ ತೋರ. ಅದರ ಮರುವರ್ಷ ಬ್ರಹ್ಮಗಿರಿ. ಕಳೆದುಹೋದ ಜೀವಗಳ ಬಗ್ಗೆ ನಾವು ಮಾತಾಡಿದ್ದೇವೆ, ಇನ್ನೂ ಮಾತಾಡಬೇಕು. ಇವತ್ತು ಮಾತ್ರ ಬೇರೆ ವಿಷಯ. ಊರನ್ನು ಮತ್ತೆ ಕಟ್ಟಲು ಏನೇನು, ಎಷ್ಟೆಷ್ಟು ಬೇಕು ಅಂತ ಲೆಕ್ಕ ಹಾಕುವ ವಿಷಯ.

ಎಷ್ಟು ಮನೆ ಬಿತ್ತು ಅಂತ ಎಣಿಸಿ, ಒಂದು ಮನೆಗೆ ಇಷ್ಟು ಅಂತ ಗುಣಿಸುವುದೇ ನಮ್ಮಲ್ಲಿರುವ ಪದ್ಧತಿ. ಗುಣಿಸಿಯೇ ನೋಡೋಣ. 500 ಚದರಡಿಯ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಮನೆ ಅಂದುಕೊಳ್ಳಿ. ಯಾವ ಮೇಸ್ತ್ರಿಯನ್ನು ಕೇಳಿದರೂ ಬಾಯಲ್ಲೇ ಹೇಳುತ್ತಾರೆ: ಸಿಮೆಂಟ್ ಹತ್ತಿರ ಹತ್ತಿರ 200 ಮೂಟೆ, ಕಬ್ಬಿಣ ಎರಡು ಟನ್ ಒಳಗೆ, ಮರಳು 900 ಘನ ಅಡಿ. ಇಂಥ 800 ಮನೆ ಅಂದರೆ 1.6 ಲಕ್ಷ ಮೂಟೆ ಸಿಮೆಂಟ್. ಆ ಸಿಮೆಂಟಿನ ತೂಕವೇ 8,000 ಟನ್. ಮರಳು 7.2 ಲಕ್ಷ ಘನ ಅಡಿ. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಇದು ಬಯಲುಸೀಮೆಯ ಲೆಕ್ಕ. ಇದನ್ನೇ ಕೊಡಗಿಗೆ ತಂದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಯಾಕೆ ಅಂತ ಮರಳಿನಿಂದಲೇ ಶುರು ಮಾಡುತ್ತೇನೆ. ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಹಸಿ ಇರುವ ಮರಳು ತುಂಬಿ, ಒತ್ತಬೇಡಿ, ಸುಮ್ನೆ ತುಂಬಿ. ಮಟ್ಟಕ್ಕೆ ಒಂದು ಗೆರೆ ಹಾಕಿ. ಆಮೇಲೆ ನೀರು ಹಾಕಿ ಕಡ್ಡಿಯಿಂದ ಕದಡಿ, ತಂಗಲು ಬಿಡಿ. ಮರಳು ಗೆರೆಗಿಂತ ಕೆಳಗೆ ಇಳಿದಿರುತ್ತದೆ. ನಾಲ್ಕೈದು ಪರ್ಸೆಂಟ್ ತೇವ ಇದ್ದಾಗ ಕಣಗಳ ಮಧ್ಯೆ ನೀರಿನ ಪೊರೆ ನಿಂತು ಮರಳು ಉಬ್ಬುತ್ತದೆ. ನುಣುಪು ಮರಳಾದರೆ ನೂರಕ್ಕೆ ಇಪ್ಪತ್ತೈದರವರೆಗೂ ಉಬ್ಬಬಹುದು. ಅಂದರೆ 300 ಘನ ಅಡಿ ಅಂತ ಅಳೆದು ಇಳಿಸಿಕೊಂಡ ಲೋಡಿನಲ್ಲಿ ನಿಜವಾದ ಮರಳು 240. ಅರವತ್ತು ಅಡಿ ಬರೀ ಗಾಳಿ. ನಮ್ಮ ಊರಲ್ಲಿ ವರ್ಷದಲ್ಲಿ ಎಷ್ಟು ತಿಂಗಳು ಮರಳು ಒಣಗಿರುತ್ತದೆ ಹೇಳಿ? ಅಳತೆಯಲ್ಲಿ ತೆಗೆದುಕೊಳ್ಳಬೇಡಿ, ತೂಕದಲ್ಲಿ ತೆಗೆದುಕೊಳ್ಳಿ ಅಂತ ಟೆಂಡರಿನಲ್ಲಿ ಒಂದು ಸಾಲು ಬರೆದರೆ ಸಾಕು, ಸಾವಿರಾರು ಘನ ಅಡಿ ಉಳಿಯುತ್ತದೆ.

ಸಿಮೆಂಟಿನ ಕಥೆ ಇನ್ನೂ ಕಷ್ಟ. ಮೂರು ತಿಂಗಳು ದಾಟಿದ ಸಿಮೆಂಟನ್ನು ಮತ್ತೆ ಪರೀಕ್ಷೆ ಮಾಡದೆ ಬಳಸಬಾರದು. ಗಟ್ಟಿತನ ಇಳಿದಿರುತ್ತದೆ. ಅದೂ ಒಣ ಗೋದಾಮಿನಲ್ಲಿ ಇಟ್ಟಿದ್ದರೆ. ಮೇ ತಿಂಗಳಲ್ಲಿ ತರಿಸಿ ಜೂನ್, ಜುಲೈ, ಆಗಸ್ಟ್ ತಗಡಿನ ಶೆಡ್ಡಿನಲ್ಲಿ ಇಟ್ಟ ಮೂಟೆ ಏನಾಗುತ್ತದೆ ಅಂತ ಇಲ್ಲಿ ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ.

ಅಂದರೆ ನಮಗೆ ಕೆಲಸಕ್ಕೆ ಸಿಗುವುದು ಅಕ್ಟೋಬರ್‌ನಿಂದ ಮೇವರೆಗೆ. ಅದರ ಮಧ್ಯದಲ್ಲೇ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ. ಜಿಲ್ಲೆಯ ಕೂಲಿ ಕೈಗಳೆಲ್ಲ ತೋಟದಲ್ಲಿರುತ್ತವೆ. 1.6 ಲಕ್ಷ ಮೂಟೆ ಬೇಕು ಅನ್ನುವ ಎಸ್ಟಿಮೇಟಿನಲ್ಲಿ, ಅದನ್ನು ಯಾವ ತಿಂಗಳು ಯಾರು ಕಲಸುತ್ತಾರೆ ಅಂತ ಇಲ್ಲದಿದ್ದರೆ ಅದು ಎಸ್ಟಿಮೇಟ್ ಅಲ್ಲ, ಆಸೆ. 2018ರ ಸಂತ್ರಸ್ತರಿಗೆ ಜಂಬೂರು, ಮದೆನಾಡಿನ ಮನೆಗಳ ಕೀಲಿ ಸಿಕ್ಕಿದ್ದು 2020ರಲ್ಲಿ. ಆ ಎರಡು ವರ್ಷ ಬಾಡಿಗೆ ಮನೆಯಲ್ಲಿ ಕೂತವರ ಕಷ್ಟವನ್ನು ಯಾವ ಕಾಲಮ್ಮಿನಲ್ಲೂ ಬರೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ತಡೆಗೋಡೆಯ ಬಗ್ಗೆ. ಇಳಿಜಾರಿನಲ್ಲಿ ಸೈಟ್ ಮಾಡಲು ಬರೆಯನ್ನು ನೇರಕ್ಕೆ ಕಡಿಯುತ್ತೇವೆ. ಹತ್ತಡಿ ಎತ್ತರ, ಮೂವತ್ತು ಅಡಿ ಉದ್ದ ಅಂದುಕೊಳ್ಳಿ. ಅದನ್ನು ಕಲ್ಲಿನ ಗೋಡೆಯಿಂದ ಹಿಡಿದು ನಿಲ್ಲಿಸಬೇಕಾದರೆ ಬುಡದಲ್ಲಿ ಐದಾರು ಅಡಿ, ತಲೆಯಲ್ಲಿ ಎರಡು ಅಡಿ ದಪ್ಪ ಬೇಕು. ಪಾಯ ಬಿಟ್ಟೇ 1,100 ಘನ ಅಡಿ ಕಲ್ಲು ಕಟ್ಟಬೇಕು. ಇಡೀ ಮನೆಗೆ ಬೇಕಾದ ಮರಳಿಗಿಂತ ಜಾಸ್ತಿ! ಹಿಂದಿನ ನೀರು ಹೊರಗೆ ಬರಲು ಪೈಪು, ಅದರ ಹಿಂದೆ ಜಲ್ಲಿ, ಮೇಲೆ ಚರಂಡಿ. ಇದಿಲ್ಲದ ಗೋಡೆ ನೀರನ್ನು ಕಟ್ಟಿಹಾಕುತ್ತದೆ, ಆಮೇಲೆ ನೀರೇ ಅದನ್ನು ತಳ್ಳುತ್ತದೆ. ಮನೆ, ರಸ್ತೆಗಾಗಿ ಗುಡ್ಡ ಕಡಿದಿದ್ದೂ 2018ರ ಕುಸಿತಗಳಿಗೆ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವೇ ಹೇಳಿದೆ. ಹಾಗಿದ್ದೂ ಗೋಡೆ ‘ಆಮೇಲೆ ನೋಡೋಣ’ದ ಪಟ್ಟಿಗೆ ಹೋಗುತ್ತದೆ. ಈ ಕಲ್ಲು, ಜಲ್ಲಿ ಎಲ್ಲಿಂದ ಬರುತ್ತದೆ? ಇನ್ನೊಂದು ಗುಡ್ಡ ಒಡೆದು. 2004ರ ಸುನಾಮಿಯ ನಂತರ ಇಂಡೋನೇಷ್ಯಾದ ‘ಆಚೆ’ (Aceh) ಪ್ರಾಂತ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮನೆ ಕಟ್ಟಿದರು. ಅಷ್ಟು ಮರ ಎಲ್ಲಿಂದ ತರುವುದು, ಕಾಡು ಉಳಿಯುತ್ತದಾ ಅನ್ನುವ ಪ್ರಶ್ನೆ ಅಲ್ಲಿ ದೊಡ್ಡದಾಯಿತು. ಆದ್ದರಿಂದ ನನ್ನ ಮಟ್ಟಿಗೆ, ಕಡಿಯದೇ ಕಟ್ಟಬಹುದಾದ ಜಾಗ ಹುಡುಕುವುದೇ ಎಸ್ಟಿಮೇಟಿನ ಮೊದಲ ಸಾಲು.

ಬಿದ್ದ ಮನೆಯ ಸಾಮಾನನ್ನೇ ಮತ್ತೆ ಬಳಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಭೂಕಂಪದಲ್ಲಿ ಅದು ಸುಲಭ, ಕಲ್ಲು ಅಲ್ಲೇ ಬಿದ್ದಿರುತ್ತದೆ. ನಮ್ಮಲ್ಲಿ ಮನೆ ಕೆಸರಿನಡಿ ಹೋಗಿ ತೋಡಿನ (ಹಳ್ಳದ) ಆಚೆ ಸಿಗುತ್ತದೆ. ಹೆಂಚು, ಬಾಗಿಲು, ತೊಲೆ ಸಿಕ್ಕಷ್ಟು ಲಾಭ. ಅದನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಗುಜರಾತಿನಿಂದ ಒಂದು ವಿಷಯ ಕಲಿಯಬೇಕು. 2001ರ ಭೂಕಂಪದ ನಂತರ ಅಲ್ಲಿ ಮನೆಯವರ ಕೈಗೇ ಕಂತಿನಲ್ಲಿ ದುಡ್ಡು ಕೊಟ್ಟು, ಸಾಮಗ್ರಿ ಬ್ಯಾಂಕುಗಳನ್ನು ತೆರೆದರು. ರಿಯಾಯಿತಿ ದರದಲ್ಲಿ ಸಿಮೆಂಟ್ ಸಿಕ್ಕಿತು. ಎಲ್ಲರೂ ಒಟ್ಟಿಗೆ ಕಟ್ಟಲು ಹೊರಟಾಗ ರೇಟು ಏರುತ್ತದೆ, ಅದಕ್ಕೆ ಇದೇ ಮದ್ದು. ನಮಗಾದರೆ ಅಂಥ ಬ್ಯಾಂಕ್ ಮಡಿಕೇರಿಯಲ್ಲಿ ಒಂದಿದ್ದರೆ ಸಾಲದು. 2018ರಲ್ಲಿ ಜೋಡುಪಾಲದ ಹತ್ತಿರ ಹೆದ್ದಾರಿಯೇ ಹೋದಾಗ ಮಂಗಳೂರಿನ ಕಡೆಯಿಂದ ಟಿಪ್ಪರ್ ಬರುವ ನೇರ ದಾರಿಯೇ ಇರಲಿಲ್ಲ. ಕುಶಾಲನಗರ ಕಡೆ ಒಂದು, ವಿರಾಜಪೇಟೆ ಕಡೆ ಒಂದು, ಸಂಪಾಜೆ ಕಡೆ ಒಂದು ಬೇಕು. ಒಂದು ರಸ್ತೆ ಮುಚ್ಚಿದರೂ ಇನ್ನೊಂದು ಕಡೆಯಿಂದ ಸಾಮಾನು ಬರಬೇಕು.

ಇಷ್ಟನ್ನೂ ಮಳೆ ಬರುವ ಮೊದಲೇ ಬರೆದಿಡಬಹುದು. ನಿಮ್ಮ ಪಂಚಾಯಿತಿಯ ಗ್ರಾಮಸಭೆಗೆ ಹೋಗಿ ಕೇಳಿ: ನಮ್ಮ ಊರಲ್ಲಿ ಅಪಾಯದ ಬರೆ ಎಷ್ಟಿದೆ, ಬರೆ ಕಡಿಯದೇ ಮನೆ ಕಟ್ಟುವಂಥ ಸರ್ಕಾರಿ ಜಾಗ ಎಲ್ಲಿದೆ, ಸಿಮೆಂಟ್ ಇಡುವ ಒಣ ಗೋದಾಮು ಎಲ್ಲಿದೆ, ರಸ್ತೆ ಮುಚ್ಚಿದರೆ ಜಲ್ಲಿ ಯಾವ ಕಡೆಯಿಂದ ಬರುತ್ತದೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಬನ್ನಿ.