ಸಹಕಾರ ಸಂಘಕ್ಕೆ ಎಐ: ಎಲ್ಲಿಂದ ಶುರು, ಎಲ್ಲಿ ತಡೆ

ಕೇಳುಗರಿಗೆ ನಮಸ್ಕಾರ.

ಮಾರ್ಚ್ ತಿಂಗಳು, ವಸೂಲಾತಿಯ ಒತ್ತಡ. ಕೃಷಿ ಪತ್ತಿನ ಸಹಕಾರ ಸಂಘವೊಂದರ ಸಿಬ್ಬಂದಿ ಸುಸ್ತಿದಾರರ ಪಟ್ಟಿಯನ್ನು ಹೆಸರು, ಮೊಬೈಲ್ ಸಂಖ್ಯೆ, ಬಾಕಿ ಮೊತ್ತದ ಸಮೇತ ಉಚಿತ ಎಐ ಆ್ಯಪ್‌ಗೆ ಅಂಟಿಸಿ, ‘ಇವರಿಗೆಲ್ಲ ನೋಟಿಸ್ ಬರೆದುಕೊಡು’ ಅನ್ನುತ್ತಾರೆ. ಐದು ನಿಮಿಷದಲ್ಲಿ ನೋಟಿಸ್ ತಯಾರು. ಆದರೆ ಅಷ್ಟು ಸದಸ್ಯರ ಸಾಲದ ವಿವರ ಸಂಘದ ಕೈಬಿಟ್ಟು ಹೊರಗೆ ಹೋಗಿದೆ. ಯಾರ ಒಪ್ಪಿಗೆಯ ಮೇಲೆ ಹೋಯಿತು ಎಂದು ಹುಡುಕಿದರೆ ನಡಾವಳಿ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಎಐ ಬೇಕೋ ಬೇಡವೋ ಎಂದು ಆಡಳಿತ ಮಂಡಳಿ ಚರ್ಚೆಗೆ ಕೂರುವ ಹೊತ್ತಿಗೆ ಅದು ಸಿಬ್ಬಂದಿಯ ಜೇಬಿನ ಮೂಲಕ ಒಳಗೆ ಬಂದಾಗಿರುತ್ತದೆ. ಹಾಗಾಗಿ ಮೊದಲ ಕೆಲಸ ಹೊಸದನ್ನು ಕೊಳ್ಳುವುದಲ್ಲ, ಈಗ ಏನು ನಡೆಯುತ್ತಿದೆ ಎಂದು ತಿಳಿಯುವುದು. ಶಿಕ್ಷೆಯ ಭಯವಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಯಾರ ಮೇಲೂ ಕ್ರಮವಿಲ್ಲ ಎಂದು ಹೇಳಿಯೇ ಕೇಳಬೇಕು. ಬಂದ ಉತ್ತರಗಳನ್ನು ಒಂದು ವಹಿಯಲ್ಲಿ ಬರೆದಿಡಿ: ಯಾವ ಸಾಧನ, ಯಾವ ಕೆಲಸಕ್ಕೆ, ಯಾವ ಮಾಹಿತಿ ಒಳಗೆ ಹೋಗುತ್ತದೆ, ಬಂದದ್ದನ್ನು ಯಾರು ನೋಡುತ್ತಾರೆ, ಯಾವಾಗ ತಪ್ಪಾಯಿತು. ಈ ವಹಿಗೆ ಒಬ್ಬ ನಿರ್ದೇಶಕರ ಹೆಸರು ಹಚ್ಚಿ ಠರಾವು ಮಾಡಬೇಕು. ಕಂಪ್ಯೂಟರ್ ಬಲ್ಲವರೇ ಆಗಬೇಕೆಂದಿಲ್ಲ. ಪ್ರಶ್ನೆ ಕೇಳುವ ಧೈರ್ಯವಿರುವವರು, ಬೇಡ ಎಂದು ನಿಲ್ಲಿಸುವ ಅಧಿಕಾರವಿರುವವರು ಆಗಬೇಕು.

ಕಾನೂನಿನ ಮಾತು ಸ್ವಲ್ಪ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಸದಸ್ಯರ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಸಂಘವೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮಾಹಿತಿ ಯಾಕೆ ಬೇಕು ಎಂದು ತಿಳಿಸುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ಸದಸ್ಯರಿಗೆ ಇರಬೇಕು. ಮಾಹಿತಿ ಸೋರಿದರೆ ಬಾಧಿತರಾದ ಪ್ರತಿಯೊಬ್ಬ ಸದಸ್ಯರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು. ಸುರಕ್ಷತೆಯ ಲೋಪಕ್ಕೆ ದಂಡದ ಮಿತಿ 250 ಕೋಟಿ ರೂಪಾಯಿಯವರೆಗೆ ಇದೆ. ದಂಡ ಬಿಡಿ, ಊರಿನ ಸಂಘದಲ್ಲಿ ಯಾರ ಬಾಕಿ ಎಷ್ಟು ಎಂಬುದು ಬೀದಿಗೆ ಬಂದರೆ ಆ ಮನೆಯವರ ಮರ್ಯಾದೆಯನ್ನು ಯಾವ ಮಂಡಳಿಯೂ ಹಿಂದಿರುಗಿಸಲಾರದು.

ಈಗ ಹೆಚ್ಚಿನ ಸಂಘಗಳು ಎಡವುವ ಜಾಗಕ್ಕೆ ಬರೋಣ. ದೇಶದ 63,000 ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ತಂತ್ರಾಂಶ ಹೊಸದು, ಅದರೊಳಗೆ ಸೇರುವ ಲೆಕ್ಕ ಹಳೆಯದು. ಹಳೆಯ ಲೆಕ್ಕ ಸ್ವಚ್ಛವಾಗದೆ ಎಐ ತಂದರೆ, ಹಳೆಯ ತಪ್ಪು ಹೊಸ ವೇಗದಲ್ಲಿ ಹೊರಬರುತ್ತದೆ.

ನಮ್ಮ ಕಚೇರಿಗಳಲ್ಲಿ ವರ್ಷಗಟ್ಟಲೆ ಟೈಪಾದ ಕಡತಗಳು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿವೆ. ತೆರೆಯ ಮೇಲೆ ಕನ್ನಡ ಕಾಣುತ್ತದೆ. ಕಡತದೊಳಗೆ ಇರುವುದು ಮಾತ್ರ ‘ಕ’ಕಾರಕ್ಕೆ ಇಂಗ್ಲಿಷಿನ ‘ಪಿ’, ‘ನ’ಕಾರಕ್ಕೆ ಪೌಂಡ್ ಗುರುತು, ಹೀಗೆ. ಅದನ್ನು ಹಾಗೇ ಎಐಗೆ ಕೊಟ್ಟರೆ ಅರ್ಥವಾಗದಿದ್ದರೂ ಏನೋ ಒಂದು ಉತ್ತರ ಕಟ್ಟಿಕೊಡುವ ಅಪಾಯವಿದೆ. ಮೊದಲು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಬದಲಿಸಬೇಕು. ಬದಲಿಸುವಾಗ ಅರ್ಕಾವೊತ್ತು ಕೈಕೊಡುತ್ತದೆ. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಅಕ್ಷರಕ್ಕೆ ಮೊದಲು ರಕಾರವಾಗಿ ಬರಬೇಕು. ಪರಿವರ್ತಕ ಸರಿಯಿಲ್ಲದಿದ್ದರೆ ‘ವರ್ಷ’ ಹೋಗಿ ‘ವಷರ್’ ಆಗುತ್ತದೆ, ಪಾರ್ವತಮ್ಮ ಪಾವರ್ತಮ್ಮ ಆಗುತ್ತಾರೆ. ಪಾವರ್ತಮ್ಮ ಎಂಬ ಸದಸ್ಯೆ ಸಂಘದಲ್ಲಿಲ್ಲ. ಹೆಸರು ತಾಳೆ ನೋಡುವ ತಂತ್ರಾಂಶ ಅವರ ಷೇರನ್ನು ಬೇರೆಯವರದೆಂದು ಬದಿಗಿಡಬಹುದು. ಆದ್ದರಿಂದ ಹೆಸರಿನ ಮೇಲೆ ಎಂದೂ ಜೋಡಣೆ ಮಾಡಬೇಡಿ, ಸದಸ್ಯತ್ವ ಸಂಖ್ಯೆಯ ಮೇಲೆ ಮಾಡಿ. ಕೈಬರಹದ ಲೆಡ್ಜರನ್ನು ಸ್ಕ್ಯಾನ್ ಮಾಡಿ ಓದಿಸುವಾಗ ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಗೊಂದಲವಾಗುತ್ತದೆ. ಒಂದು ಸೊನ್ನೆ ಬಿದ್ದುಹೋದರೆ ಹತ್ತು ಸಾವಿರದ ಠೇವಣಿ ಒಂದು ಸಾವಿರ. ಪ್ರತಿ ಪುಟದ ಕೆಳಗಿನ ಒಟ್ಟು ಮೊತ್ತವನ್ನು ಬೇರೆಯಾಗಿ ಕೂಡಿ ಹೊಂದಿಸಿ ನೋಡದೆ ಪುಟ ಬಿಡಬಾರದು.

ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪೊಂದಿದೆ. ಪಹಣಿಯ 2.20 ಅಂದರೆ ನಮಗೆ ಎರಡು ಎಕರೆ ಇಪ್ಪತ್ತು ಗುಂಟೆ. ಯಂತ್ರಕ್ಕೆ ಅದು ಬರೀ ದಶಮಾಂಶ. ಒಬ್ಬ ರೈತರಿಗೆ 2.20 ಮತ್ತು 1.30 ಎಂದು ಎರಡು ತುಂಡು ಜಮೀನಿದ್ದರೆ ಯಂತ್ರ ಕೂಡಿ 3.50 ಅನ್ನುತ್ತದೆ, ಅಂದರೆ ಮೂರೂವರೆ ಎಕರೆ. ನಲವತ್ತು ಗುಂಟೆಗೆ ಒಂದು ಎಕರೆಯಂತೆ ಲೆಕ್ಕ ಹಾಕಿದರೆ ಆಗುವುದು ನಾಲ್ಕು ಎಕರೆ ಹತ್ತು ಗುಂಟೆ. ಮೂವತ್ತು ಗುಂಟೆ ಮಾಯ. ಬೆಳೆ ಸಾಲವನ್ನು ಎಕರೆಗೆ ಇಷ್ಟು ಎಂದು ಕೊಡುವ ಕಡೆ ಇದು ನೇರವಾಗಿ ರೈತರ ಕೈಗೆ ಬರುವ ದುಡ್ಡಿಗೆ ಹೊಡೆತ. ಎಕರೆ ಒಂದು ಕಾಲಂ, ಗುಂಟೆ ಇನ್ನೊಂದು ಕಾಲಂ ಎಂದು ಬೇರ್ಪಡಿಸುವುದೇ ಪರಿಹಾರ. ಅದಕ್ಕೆ ಎಐಯೂ ಬೇಡ, ಖರ್ಚೂ ಇಲ್ಲ.

ಲೆಕ್ಕ ಸರಿಯಾದ ಮೇಲೆ ಸಣ್ಣದರಿಂದ ಶುರು ಮಾಡಿ. ಮಹಾಸಭೆಯ ಆಹ್ವಾನ ಪತ್ರದ ಕರಡು, ಸುತ್ತೋಲೆಯ ಅನುವಾದ, ಗೊಬ್ಬರ ಬಂದ ಸಂದೇಶ: ಇವುಗಳಲ್ಲಿ ಸದಸ್ಯರ ಖಾಸಗಿ ವಿವರ ಇರುವುದಿಲ್ಲ, ತಪ್ಪಾದರೆ ತಿದ್ದಬಹುದು. ನೋಟಿಸ್ ಬರೆಸಬೇಕಾದರೂ ಹೆಸರು, ಮೊತ್ತದ ಜಾಗ ಖಾಲಿ ಬಿಟ್ಟ ಮಾದರಿಯನ್ನಷ್ಟೇ ಬರೆಸಿ. ವಿವರ ತುಂಬುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ಆಗಲಿ. ಸಭೆಯ ಧ್ವನಿಮುದ್ರಣದಿಂದ ನಡಾವಳಿ ಬರೆಸುವುದಾದರೆ ಎಚ್ಚರಿಕೆ ಹೆಚ್ಚು ಬೇಕು. ‘ಮುಂದಿನ ಸಭೆಯಲ್ಲಿ ನೋಡೋಣ’ ಎಂದದ್ದು ‘ತೀರ್ಮಾನಿಸಲಾಯಿತು’ ಎಂದು ಬರೆದುಬಿಡಬಹುದು. ಠರಾವಿನ ಸಾಲುಗಳನ್ನು ಕಾರ್ಯದರ್ಶಿಯೇ ಕೈಯಾರೆ ಬರೆಯಬೇಕು.

ಸದಸ್ಯರ ಪ್ರಶ್ನೆಗೆ ಉತ್ತರಿಸುವ ಚಾಟ್‌ಬಾಟ್ ಬೇಕೆಂದು ಆಸೆಪಡುವವರು 2024ರ ಒಂದು ತೀರ್ಪನ್ನು ನೋಡಬೇಕು. ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್ ರಿಯಾಯಿತಿಯ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಹೇಳಿತ್ತು. ಅದು ಹೇಳಿದ್ದಕ್ಕೆ ನಾವು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ ಒಪ್ಪಲಿಲ್ಲ, ಪರಿಹಾರ ಕೊಡಿಸಿತು. ಹಾಗಾಗಿ ಮೊದಲು ಸಂಘದ ಉಪವಿಧಿಗೆ, ಅಂದರೆ ಸಂಘದ ಒಳ ನಿಯಮಗಳಿಗೆ, ಸಂಬಂಧಿಸಿದ ಐವತ್ತು ಪ್ರಶ್ನೆ ಬರೆದು ಚಾಟ್‌ಬಾಟ್‌ಗೆ ಕೇಳಿ ಪರೀಕ್ಷಿಸಿ. ಜನ ಮಾತಾಡುವ ಹಾಗೇ ಇರಲಿ: ‘ಅಪ್ಪ ತೀರಿಕೊಂಡ್ರು, ಷೇರು ನನ್ನ ಹೆಸರಿಗೆ ಮಾಡೋದು ಹೆಂಗೆ?’ ಅವುಗಳಲ್ಲಿ ಹತ್ತು ಪ್ರಶ್ನೆಗಳಿಗೆ ಉಪವಿಧಿಯಲ್ಲಿ ಉತ್ತರವೇ ಇರಬಾರದು. ಅವಕ್ಕೆ ‘ಕಚೇರಿಯಲ್ಲಿ ವಿಚಾರಿಸಿ’ ಎಂದರೆ ಮಾತ್ರ ಸರಿ. ಕಥೆ ಕಟ್ಟಿದರೆ ಅದನ್ನು ಸದಸ್ಯರ ಮುಂದೆ ಇಡುವಂತಿಲ್ಲ. ಉಪವಿಧಿ ತಿದ್ದುಪಡಿಯಾದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಬೇಕು, ಹಳೆಯ ಪ್ರತಿಯನ್ನು ತೆಗೆದುಹಾಕಬೇಕು.

ಎರಡು ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು, ಸಾಲ ಕೊಡಬೇಕೋ ಬೇಡವೋ ಎಂಬ ನಿರ್ಧಾರ. ಇನ್ನೊಂದು, ಚುನಾವಣೆಗೆ ಅರ್ಹ, ಅನರ್ಹ ಮತದಾರರ ಪಟ್ಟಿ. ಒಬ್ಬ ಸದಸ್ಯ, ಒಂದು ಮತ ಎಂಬುದೇ ಸಹಕಾರದ ಬುಡ. ಯಾವ ಕಾರಣಕ್ಕೆ ಮತ ಹೋಯಿತು ಎಂದು ಸದಸ್ಯರು ಕೇಳಿದಾಗ ಕಾರಣವನ್ನೂ ದಾಖಲೆಯನ್ನೂ ತೋರಿಸುವ ಒಬ್ಬ ಮನುಷ್ಯ ಎದುರಿಗೆ ಇರಬೇಕು. ಕಂಪ್ಯೂಟರ್ ಹಾಗೆ ಹೇಳಿತು ಎಂಬುದು ಉತ್ತರವಲ್ಲ.

ಕಂಪನಿಯೊಂದಿಗೆ ಒಪ್ಪಂದ ಮಾಡುವಾಗ ನಮ್ಮ ಮಾಹಿತಿಯಿಂದ ತಮ್ಮ ಎಐ ಮಾದರಿಗೆ ತರಬೇತಿ ಕೊಡುವಂತಿಲ್ಲ, ಒಪ್ಪಂದ ಮುಗಿದಾಗ ಎಲ್ಲ ಮಾಹಿತಿಯನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ಹಿಂದಿರುಗಿಸಿ ಅಳಿಸಬೇಕು ಎಂದು ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಸಾಲದು. ಖಾತೆ ಸಂಘದ ಹೆಸರಿನಲ್ಲಿರಲಿ; ನೌಕರರೊಬ್ಬರ ಸ್ವಂತ ಇಮೇಲ್‌ನಲ್ಲಿದ್ದರೆ ಅವರು ಕೆಲಸ ಬಿಟ್ಟ ದಿನ ಕೀಲಿಯೂ ಹೋಗುತ್ತದೆ. ಮೂರು ತಿಂಗಳು ಪ್ರಯೋಗ ಮಾಡಿ, ಉಳಿತಾಯವಾದ ಸಮಯ ಎಷ್ಟು, ತಿದ್ದಲು ಹೋದ ಸಮಯ ಎಷ್ಟು ಎಂದು ವಹಿಯಿಂದಲೇ ಲೆಕ್ಕ ತೆಗೆದು, ಸರ್ವಸದಸ್ಯರ ಮಹಾಸಭೆಯ ವಾರ್ಷಿಕ ವರದಿಯಲ್ಲಿ ಒಂದು ಪುಟ ಮೀಸಲಿಡಿ. ಬಳಸುತ್ತಿರುವ ಸಾಧನಗಳ ಹೆಸರು, ಆದ ತಪ್ಪುಗಳು, ಆದ ಖರ್ಚು ಅದರಲ್ಲಿರಲಿ. ಮುಂದುವರಿಸಬೇಕೇ ಎಂಬ ಪ್ರಶ್ನೆಯನ್ನು ಸದಸ್ಯರ ಮುಂದಿಟ್ಟು, ಅವರ ಉತ್ತರವನ್ನು ಠರಾವಿನಲ್ಲಿ ದಾಖಲಿಸಿ.

ನಮಸ್ಕಾರ.