ಶುಕ್ರವಾರ, ಮಧ್ಯಾಹ್ನ 12ರಿಂದ 3

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕೋರ್ಟು. ಕಟಕಟೆಯಲ್ಲಿ ಜೆಫರ್ಸನ್ ಎಂಬ 21 ವರ್ಷದ ಕಪ್ಪು ಹುಡುಗ. ಜ್ಯೂರಿಯ 12 ಮಂದಿಯೂ ಬಿಳಿಯರು. ಅಂಗಡಿಯೊಂದರಲ್ಲಿ ಗುಂಡು ಹಾರಿ ಮೂವರು ಸತ್ತಿದ್ದಾರೆ. ಜೀವಂತ ಉಳಿದವನು ಇವನೊಬ್ಬನೇ, ಹಾಗಾಗಿ ಕೊಲೆಗಾರನೂ ಇವನೇ ಅನ್ನುತ್ತಾರೆ. ಅವನ ಪರ ನಿಂತ ವಕೀಲ ಏನಂತ ವಾದ ಮಾಡುತ್ತಾನೆ ಗೊತ್ತಾ? ಸಂಚು ಮಾಡುವಷ್ಟು ಬುದ್ಧಿ ಇವನಿಗೆಲ್ಲಿದೆ ಸ್ವಾಮಿ, ಇವನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸುವುದೂ ಒಂದೇ, ಹಂದಿಯನ್ನು ಕೂರಿಸುವುದೂ ಒಂದೇ ಅಂತ. ಕಾಪಾಡಬೇಕಾದವನ ಬಾಯಿಂದ ಬಂದ ಮಾತು ಇದು. ಆದರೂ ಮರಣದಂಡನೆ ತಪ್ಪುವುದಿಲ್ಲ.

ಅರ್ನೆಸ್ಟ್ ಜೆ. ಗೇನ್ಸ್ ಅವರ 'ಎ ಲೆಸನ್ ಬಿಫೋರ್ ಡೈಯಿಂಗ್' ಕಾದಂಬರಿ ಹೀಗೆ ಶುರುವಾಗುತ್ತದೆ. ಪುಸ್ತಕ ಬಂದದ್ದು 1993ರಲ್ಲಿ. ಕಥೆ ನಡೆಯುವುದು 1940ರ ದಶಕದ ಕೊನೆಗೆ, ಅಮೆರಿಕದ ಲೂಸಿಯಾನಾದ ಕಬ್ಬಿನ ಸೀಮೆಯಲ್ಲಿ.

ಜೆಫರ್ಸನ್‌ನನ್ನು ಸಾಕಿದ ಮುದುಕಿ ಎಮ್ಮಾ. ಹುಡುಗ ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತು. ಅವಳು ಕೇಳುವುದು ಒಂದೇ: ಆ ಕುರ್ಚಿಗೆ ಅವನು ಮನುಷ್ಯನ ಹಾಗೆ ನಡೆದುಕೊಂಡು ಹೋಗಬೇಕು. ಇದನ್ನು ಅವನಿಗೆ ಕಲಿಸುವ ಕೆಲಸ ಊರ ಮೇಷ್ಟ್ರು ಗ್ರಾಂಟ್ ತಲೆಗೆ ಬೀಳುತ್ತದೆ. ಗ್ರಾಂಟ್‌ಗೆ ಚರ್ಚಿನಲ್ಲಿ ನಂಬಿಕೆ ಇಲ್ಲ. ಆದರೆ ಅವನ ಶಾಲೆ ನಡೆಯುವುದೇ ಚರ್ಚಿನ ಒಳಗೆ. ಮಕ್ಕಳಿಗೆ ಪ್ರಾರ್ಥನೆಯ ಬೆಂಚೇ ಬರೆಯುವ ಮೇಜು.

ಜೈಲಿನ ಒಂದು ದೃಶ್ಯ ನನಗೆ ಮರೆಯುವುದಿಲ್ಲ. ಎಮ್ಮಾ ಪ್ರೀತಿಯಿಂದ ಮಾಡಿ ಕಳಿಸಿದ ಊಟದ ಚೀಲ ಅಲ್ಲಿದೆ. ಜೆಫರ್ಸನ್ ನೆಲದ ಮೇಲೆ ಮೊಣಕಾಲೂರಿ, ಚೀಲದೊಳಗೆ ಮುಖ ತೂರಿಸಿ, ಕೈ ಸೋಕಿಸದೆ ತಿನ್ನತೊಡಗುತ್ತಾನೆ. ವಕೀಲ ಹೇಳಿದ್ದನ್ನು ಅವನು ನಂಬಿಬಿಟ್ಟಿದ್ದಾನೆ.

ಇನ್ನು ಸಾಯಿಸುವ ದಿನದ ವಿಷಯ. ನನ್ನನ್ನು ಕೇಳಿದರೆ ಇಡೀ ಪುಸ್ತಕದ ಕೆಂಡ ಇರುವುದು ಇಲ್ಲೇ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬೇಡ ಅಂತ ಅಧಿಕಾರಿಗಳು ತೀರ್ಮಾನಿಸುತ್ತಾರೆ. ಈಸ್ಟರ್ ಆದ ಮೇಲಿನ ಎರಡನೇ ಶುಕ್ರವಾರ, ಮಧ್ಯಾಹ್ನ 12ರಿಂದ 3ರ ಒಳಗೆ ಅಂತ ಗೊತ್ತು ಮಾಡುತ್ತಾರೆ. ಪವಿತ್ರ ದಿನಗಳಿಗೆ ಅಷ್ಟು ಮರ್ಯಾದೆ! ಎದುರಿಗಿರುವ ಜೀವಕ್ಕೆ ಅದರಲ್ಲಿ ಚೂರೂ ಇಲ್ಲ. ಏಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟದ್ದೂ ಶುಕ್ರವಾರ, ಇದೇ ಹೊತ್ತಿನಲ್ಲಿ ಅನ್ನುವುದು ಅವರೆಲ್ಲರಿಗೂ ಗೊತ್ತಿರುವ ಕಥೆ. ಯಾರಿಗೂ ಮುಜುಗರ ಆಗುವುದಿಲ್ಲ. ಇದು ಗೇನ್ಸ್ ಸುಮ್ನೆ ಕಲ್ಪಿಸಿ ಬರೆದದ್ದಲ್ಲ. ಲೂಸಿಯಾನಾದಲ್ಲಿ ವಿಲ್ಲಿ ಫ್ರಾನ್ಸಿಸ್ ಎಂಬ ಕಪ್ಪು ಹುಡುಗನನ್ನು 1946ರ ಮೇ 3ರಂದು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿ ಕೆಟ್ಟಿತು, ಅವನು ಸಾಯಲಿಲ್ಲ. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1947ರ ಮೇ 9ರಂದು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿ ಕೊಂದರು. ಎರಡೂ ದಿನ ಶುಕ್ರವಾರ.

ಹಾಗಂತ ಜೆಫರ್ಸನ್ ಏಸುವಿನ ಪಡಿಯಚ್ಚು ಅಂತ ಓದಿದರೆ ಪುಸ್ತಕ ಸಪ್ಪೆಯಾಗಿಬಿಡುತ್ತದೆ. ಅವನೇ ಒಮ್ಮೆ ಮೇಷ್ಟ್ರಿಗೆ ನೇರವಾಗಿ ಕೇಳುತ್ತಾನೆ: ನನ್ನ ಶಿಲುಬೆಯನ್ನು ಇಲ್ಲಿಯವರೆಗೆ ಯಾರು ಹೊತ್ತಿದ್ದಾರೆ? ಈಗ ನಿಮ್ಮದು, ಎಮ್ಮಾಳದು, ನನ್ನದು, ಎಲ್ಲ ನಾನೇ ಹೊರಬೇಕಾ? ಎಂಥ ನ್ಯಾಯವಾದ ಸಿಟ್ಟು ಅಲ್ವಾ! ಚಿಕ್ಕಂದಿನಿಂದ ಹೊಲದಲ್ಲಿ ದುಡಿಸಿಕೊಂಡು, ಅಕ್ಷರ ಸರಿಯಾಗಿ ಕಲಿಸದೆ, ಕೊನೆಗೆ ನಮ್ಮೆಲ್ಲರ ಮಾನ ನೀನೇ ಉಳಿಸು ಅಂದರೆ? ಈ ಪ್ರಶ್ನೆಗೆ ಗ್ರಾಂಟ್ ಬಳಿ ಉತ್ತರ ಇಲ್ಲ. ಉತ್ತರ ಇದೆ ಅಂತ ಗೇನ್ಸ್ ನಟಿಸುವುದೂ ಇಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ ಜಾಸ್ತಿ.

ಪಾದ್ರಿ ಆಂಬ್ರೋಸ್‌ಗೆ ಹುಡುಗನ ಆತ್ಮದ ಚಿಂತೆ. ಗ್ರಾಂಟ್ ಅವನಿಗೆ ಕೊಡಿಸಿದ್ದು ಒಂದು ಸಣ್ಣ ರೇಡಿಯೋ. ಅದು ಪಾಪದ ಪೆಟ್ಟಿಗೆ ಅಂತ ಪಾದ್ರಿ ಸಿಡುಕುತ್ತಾರೆ. ಬಾನುಲಿಯಲ್ಲಿ ಕೂತು ಇದನ್ನು ಹೇಳುವಾಗ ನನ್ನ ಮನಸ್ಸು ತುಂಬಿ ಬರುತ್ತದೆ. ಆ ಕೋಣೆಯಲ್ಲಿ ರಾತ್ರಿಯೆಲ್ಲ ಅವನಿಗೆ ಜೊತೆಯಾದದ್ದು ಹಾಡು. ಮಾತಾಡದೆ ಗೋಡೆ ನೋಡುತ್ತಿದ್ದವನು ಆಮೇಲೆ ಬಾಯಿ ಬಿಟ್ಟ. ಗ್ರಾಂಟ್ ಕೊಟ್ಟ ನೋಟ್‌ಬುಕ್ಕಿನಲ್ಲಿ ಬರೆಯಲೂ ಶುರು ಮಾಡಿದ. ಒಂದು ಇಡೀ ಅಧ್ಯಾಯ ಅವನ ಬರಹವೇ. ಕಾಗುಣಿತ ತಪ್ಪು, ಪೂರ್ಣವಿರಾಮ ಇಲ್ಲ. ಗೇನ್ಸ್ ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದಾರೆ.

ಆ ಶುಕ್ರವಾರ ಗ್ರಾಂಟ್ ಮಕ್ಕಳನ್ನು ಮೊಣಕಾಲೂರಿಸಿ ತಾನು ಹೊರಗೆ ನಿಲ್ಲುತ್ತಾನೆ. ದೇವರ ಮುಂದೆ ಬಾಗಲು ಅವನಿಂದ ಕೊನೆಗೂ ಆಗುವುದಿಲ್ಲ. ಆಮೇಲೆ ಪಾಲ್ ಎಂಬ ಬಿಳಿಯ ಪೊಲೀಸ್ ಬಂದು ಜೆಫರ್ಸನ್ ಹೇಳಿ ಕಳಿಸಿದ್ದನ್ನು ತಿಳಿಸುತ್ತಾನೆ: ನಾನು ನಡೆದೆ ಅಂತ ಎಮ್ಮಾಗೆ ಹೇಳಿ.

ಗೇನ್ಸ್ ಹುಟ್ಟಿದ್ದು 1933ರಲ್ಲಿ, ಅಂಥದೇ ಒಂದು ಕಬ್ಬಿನ ಎಸ್ಟೇಟಿನಲ್ಲಿ. ಅವರನ್ನು ಬೆಳೆಸಿದ್ದು ಅಗಸ್ಟೀನ್ ಜೆಫರ್ಸನ್ ಎಂಬ ಬಂಧು. ಆಕೆಗೆ ನಡೆಯಲು ಬರುತ್ತಿರಲಿಲ್ಲ. ನೆಲದ ಮೇಲೆ ತೆವಳಿಕೊಂಡೇ ಅಡುಗೆ ಮಾಡಿದರು, ಬಟ್ಟೆ ಒಗೆದರು, ಮಕ್ಕಳನ್ನು ಸಾಕಿದರು. ಕಾದಂಬರಿಯ ಹುಡುಗನಿಗೆ ಗೇನ್ಸ್ ಆಕೆಯ ಹೆಸರನ್ನೇ ಇಟ್ಟರು, ನಡಿಗೆಯನ್ನೂ ಕೊಟ್ಟರು. ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ನಮಸ್ಕಾರ.